ಈಕೋದಲ್ಲೊಂದು ಮಲಗುವ ಕೋಣೆ: ಗಾಡಿಗೆ ಒಂದೂ ತೂತು ಕೊರೆಯದೆ, 35 ಸಾವಿರದೊಳಗೆ

ಕ್ಯಾಂಪರ್ ವ್ಯಾನ್ ಅಂದ ಕೂಡಲೇ ಹೆಚ್ಚಿನವರ ತಲೆಗೆ ಬರುವುದು ಸಿಂಕ್, ಫ್ರಿಜ್, ಮೇಲೊಂದು ಸೋಲಾರ್ ಪ್ಯಾನೆಲ್. ಅಲ್ಲಿಂದ ಶುರು ಮಾಡಿದರೆ ಖರ್ಚು ಲಕ್ಷಗಳಿಗೆ ಏರುತ್ತದೆ. ಜೊತೆಗೆ, ಇದ್ದ ಒಂದು ಗಾಡಿ ಮನೆ ಕೆಲಸಕ್ಕೆ ಬಾರದಂತಾಗುತ್ತದೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ದಾರಿ ಬೇರೆ. ಗಾಡಿಯನ್ನು ಬದಲಿಸಬೇಡಿ, ಗಾಡಿಯೊಳಗೆ ಇಟ್ಟು ತೆಗೆಯುವ ಸಾಮಾನು ಮಾಡಿಕೊಳ್ಳಿ. ಸೋಮವಾರದಿಂದ ಶುಕ್ರವಾರದವರೆಗೆ ಅದು ಮಕ್ಕಳನ್ನು ಶಾಲೆಗೆ ಬಿಡುವ, ಮಂಡಿಯಿಂದ ಮೂಟೆ ತರುವ ಗಾಡಿಯಾಗಿಯೇ ಇರಲಿ. ಶನಿವಾರ ಅರ್ಧ ಗಂಟೆಯಲ್ಲಿ ಅದು ಮಲಗುವ ಕೋಣೆ ಆಗಬೇಕು.

ನಾನು ಇಲ್ಲಿ ಹೇಳುವುದೆಲ್ಲ ಮಾರುತಿ ಈಕೋವನ್ನು ಕಣ್ಣ ಮುಂದಿಟ್ಟುಕೊಂಡು. 2010ರಲ್ಲಿ ಬಂದ ಈ ಗಾಡಿ ನಮ್ಮ ಎಲ್ಲಾ ತಾಲ್ಲೂಕಿನಲ್ಲೂ ಸಿಗುತ್ತದೆ, ರಿಪೇರಿ ಮಾಡಲು ಬಾರದ ಮೆಕ್ಯಾನಿಕ್ ಇಲ್ಲ. ಎರಡೂ ಕಡೆ ಜಾರುವ ಬಾಗಿಲು, ಹಿಂದೆ ಮೇಲಕ್ಕೆ ಏಳುವ ಬಾಗಿಲು. ಡಬ್ಬದಂಥ ಆಕಾರ ಇರುವುದರಿಂದ ಒಳಗೆ ವ್ಯರ್ಥವಾಗುವ ಜಾಗ ಕಡಿಮೆ. ಓಮ್ನಿ ಇದ್ದವರಿಗೂ ಇದೇ ಕ್ರಮ ನಡೆಯುತ್ತದೆ. ಆದರೆ ಓಮ್ನಿ ತಯಾರಿಕೆ 2019ರಲ್ಲೇ ನಿಂತಿತು, ಈಗ ಸಿಗುವವೆಲ್ಲ ಹಳೆಯವು. ಟ್ರಾವೆಲರ್, ವಿಂಗರ್ ಥರದ ದೊಡ್ಡ ಗಾಡಿಗಳು ಒಳ್ಳೆಯವೇ, ಆದರೆ ಅವು ಈ ಬಜೆಟ್ಟಿನ ಮಾತಲ್ಲ.

ಕಾನೂನು ಮೊದಲು

ಇದನ್ನು ಕೊನೆಗೆ ನೋಡೋಣ ಅಂತ ಬಿಡುವವರೇ ಜಾಸ್ತಿ, ಅದಕ್ಕೇ ಮೊದಲು ಹೇಳುತ್ತಿದ್ದೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮೊದಲು ಕೊಟ್ಟ ವಿವರಕ್ಕೂ ನಿಮ್ಮ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿ ಬಂದ ಮೇಲೆ, ಅನುಮತಿ ಇಲ್ಲದೆ ಮಾಡಿದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಇವೆ. ನಿಜವಾದ ಮೋಟಾರ್ ಕ್ಯಾರವಾನ್‌ಗೆ ಎಐಎಸ್-124 ಅನ್ನುವ ಪ್ರತ್ಯೇಕ ಮಾನದಂಡವೇ ಇದೆ. ಮನೆ ಅಂಗಳದಲ್ಲಿ ಬಡಗಿಯನ್ನು ಕೂರಿಸಿಕೊಂಡು ಮಾಡುವ ಕೆಲಸ ಅದರ ಹತ್ತಿರಕ್ಕೂ ಬರುವುದಿಲ್ಲ.

ಹಾಗಾಗಿ ಚಾವಣಿ ಕತ್ತರಿಸಿ ಕಿಟಕಿ ಇಡುವುದು, ಗಾಡಿಯ ಮೈಗೆ ಡ್ರಿಲ್ ಹಾಕುವುದು, ಸೀಟುಗಳನ್ನು ಕಿತ್ತು ಗುಜರಿಗೆ ಹಾಕುವುದು ಬೇಡವೇ ಬೇಡ. ಇನ್ಶೂರೆನ್ಸ್ ಕ್ಲೇಮ್ ಬಂದ ದಿನ ಇದೇ ತಕರಾರು ಎದುರಾಗುತ್ತದೆ. ಇಟ್ಟು ತೆಗೆಯುವ ಮಂಚಕ್ಕೆ ಆ ತಕರಾರಿಲ್ಲ, ಅದು ಗಾಡಿಯಲ್ಲಿ ಸಾಗಿಸುವ ಲಗೇಜು ಇದ್ದ ಹಾಗೆ. ದುಡ್ಡು ಉಳಿಸುವ ದಾರಿ, ಕಾನೂನಿಗೆ ಒಪ್ಪುವ ದಾರಿ, ಮುಂದೆ ಗಾಡಿ ಮಾರುವಾಗ ಬೆಲೆ ಉಳಿಸುವ ದಾರಿ, ಮೂರೂ ಇಲ್ಲಿ ಒಂದೇ.

ಹೊಸದಾಗಿ ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಎರಡು ಮಾತು. ಕಾರ್ಗೋ ಮಾಡೆಲ್ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ. ಅದು ಸರಕು ವಾಹನವಾಗಿ ನೋಂದಣಿ ಆಗಿರುತ್ತದೆ, ಹಿಂದೆ ಜನರನ್ನು ಕೂರಿಸುವಂತಿಲ್ಲ. ವೈಟ್ ಬೋರ್ಡಿನ ಐದು ಸೀಟಿನದನ್ನೇ ಹುಡುಕಿ. ನೋಡಲು ಹೋದಾಗ ನೆಲದ ಮ್ಯಾಟ್ ಎತ್ತಿಸಿ, ಜಾರುವ ಬಾಗಿಲಿನ ಕೆಳಗಿನ ಹಳಿಗೆ ಬೆರಳು ಹಾಕಿ ಸವರಿ. ಕರಾವಳಿಯಲ್ಲಿ ಓಡಿದ ಗಾಡಿಯಾದರೆ ತುಕ್ಕು ಮೊದಲು ಕಾಣುವುದು ಅಲ್ಲೇ. ನೋಂದಣಿಗೆ 15 ವರ್ಷ ಆಗಿದ್ದರೆ ಎಫ್‌ಸಿ ಮಾಡಿಸಿ ಮತ್ತೆ ಐದು ವರ್ಷಕ್ಕೆ ನವೀಕರಿಸಬೇಕು. ಆ ಖರ್ಚನ್ನೂ ಲೆಕ್ಕದಲ್ಲಿಟ್ಟುಕೊಳ್ಳಿ. ಸಾಲ ಇದ್ದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ ಕೈಗೆ ಬಂದ ಮೇಲೇ ಹಣ ಕೊಡಿ. ಸಿಎನ್‌ಜಿ ಗಾಡಿಯಲ್ಲಿ ಡಿಕ್ಕಿಯ ಜಾಗವನ್ನು ಸಿಲಿಂಡರೇ ತಿನ್ನುತ್ತದೆ, ಮಲಗುವ ಏರ್ಪಾಡಿಗೆ ಪೆಟ್ರೋಲ್ ಗಾಡಿಯೇ ಅನುಕೂಲ.

ಗರಗಸ ಹಿಡಿಯುವ ಮುಂಚೆ ಒಂದು ರಾತ್ರಿ ಮಲಗಿ

ಮನೆ ಮುಂದೆ ಗಾಡಿ ನಿಲ್ಲಿಸಿ, ಸೀಟು ಮಡಚಿ, ಇದ್ದ ಚಾಪೆ, ಜಮಖಾನ, ದಿಂಬು ಹಾಕಿಕೊಂಡು ಬೆಳಗಿನವರೆಗೆ ಮಲಗಿ ನೋಡಿ. ಕಾಲು ಎಲ್ಲಿ ತಾಗುತ್ತದೆ, ಬೀದಿ ದೀಪ ಯಾವ ಕಡೆಯಿಂದ ಕಣ್ಣಿಗೆ ಹೊಡೆಯುತ್ತದೆ, ರಾತ್ರಿ ಎರಡು ಗಂಟೆಗೆ ಸೆಖೆಯಾ ಚಳಿಯಾ, ಬೆಳಿಗ್ಗೆ ಗಾಜಿನ ಒಳಗೆ ಎಷ್ಟು ನೀರು ಕಟ್ಟಿದೆ, ಎಲ್ಲಾ ಗೊತ್ತಾಗುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಎಷ್ಟೋ ಜನ ಈ ಒಂದು ರಾತ್ರಿ ಮಲಗಿ ಎದ್ದು, ಬರೆದಿಟ್ಟ ಪಟ್ಟಿಯಲ್ಲಿ ಅರ್ಧವನ್ನು ಹೊಡೆದುಹಾಕುತ್ತಾರೆ.

ಮಾರನೇ ದಿನ ಟೇಪು ತೆಗೆದುಕೊಂಡು ಅಳತೆಗೆ ಕೂರಿ. ಈಕೋದ ಹೊರಗಿನ ಉದ್ದ 3,675 ಮಿಲಿಮೀಟರ್, ಅಗಲ 1,475. ನಿಮಗೆ ಬೇಕಾದದ್ದು ಒಳಗಿನ ಅಳತೆ, ಅದನ್ನು ನಿಮ್ಮ ಗಾಡಿಯಲ್ಲೇ ತೆಗೆಯಬೇಕು. ಮುಂದಿನ ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿ, ಅದರ ಬೆನ್ನಿನಿಂದ ಹಿಂಬಾಗಿಲವರೆಗೆ ಉದ್ದ ಅಳೆಯಿರಿ. ಅಗಲವನ್ನು ಮೂರು ಕಡೆ ಅಳೆಯಿರಿ: ಜಾರುವ ಬಾಗಿಲ ಹತ್ತಿರ, ಹಿಂದಿನ ಚಕ್ರದ ಉಬ್ಬಿನ ನಡುವೆ, ಉಬ್ಬಿನ ಮೇಲೆ. ಮೂರೂ ಬೇರೆ ಬೇರೆ ಬರುತ್ತವೆ.

ಮಂಚದ ಎತ್ತರಕ್ಕೆ ಒಂದು ಸುಲಭ ಲೆಕ್ಕ ಇದೆ. ಮನೆಯಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ಕೂರಿ. ನೆಲದಿಂದ ತಲೆ ತುದಿವರೆಗೆ ಇನ್ನೊಬ್ಬರಿಂದ ಅಳೆಸಿ. ಹೆಚ್ಚಿನವರಿಗೆ ಇದು 33ರಿಂದ 36 ಇಂಚು ಬರುತ್ತದೆ. ಗಾಡಿಯ ನೆಲದಿಂದ ಚಾವಣಿವರೆಗಿನ ಎತ್ತರದಲ್ಲಿ ಇದನ್ನೂ, ಹಾಸಿಗೆಯ ದಪ್ಪವನ್ನೂ, ಒಂದು ಇಂಚು ಸಡಿಲವನ್ನೂ ಕಳೆಯಿರಿ. ಉಳಿದದ್ದೇ ಮಂಚದ ಗರಿಷ್ಠ ಎತ್ತರ. ಕೆಳಗೆ ಸಾಮಾನು ಜಾಸ್ತಿ ಹಿಡಿಯಲಿ ಅಂತ ಇದಕ್ಕಿಂತ ಎತ್ತರ ಮಾಡಿದರೆ, ಮಳೆ ಬಂದ ದಿನ ಇಡೀ ಸಂಜೆ ಕತ್ತು ಬಗ್ಗಿಸಿ ಕೂರಬೇಕಾಗುತ್ತದೆ.

ಮಂಚ

ಇಡೀ ಕೆಲಸದಲ್ಲಿ ಹೆಚ್ಚು ಯೋಚನೆ, ಹೆಚ್ಚು ದುಡ್ಡು ಹಾಕಬೇಕಾದದ್ದು ಇಲ್ಲಿ. ಉಳಿದದ್ದೆಲ್ಲ ಹೆಚ್ಚು ಕಡಿಮೆ ಆದರೂ ನಡೆಯುತ್ತದೆ. ನಿದ್ದೆ ಸರಿ ಬರದಿದ್ದರೆ ಮಾರನೇ ದಿನ ಸ್ಟೇರಿಂಗ್ ಹಿಂದೆ ಕೂರುವುದೇ ಅಪಾಯ.

ಮಂಚವನ್ನು ಎರಡು ತುಂಡಾಗಿ ಮಾಡಿಸಿ. ಹಿಂದಿನದು ಡಿಕ್ಕಿಯಲ್ಲಿ ಕೂರುವ ಪೆಟ್ಟಿಗೆ, ಒಳಗೆ ಸಾಮಾನು ಹಿಡಿಯುತ್ತದೆ. ಮುಂದಿನದು ಆ ಪೆಟ್ಟಿಗೆಗೆ ಕೀಲಿನಲ್ಲಿ ಸೇರಿಸಿದ ಹಲಗೆ. ಹಗಲು ಪೆಟ್ಟಿಗೆ ಮೇಲೆ ಮಡಚಿ ಕೂತಿರುತ್ತದೆ, ರಾತ್ರಿ ಎರಡನೇ ಸಾಲಿನ ಸೀಟಿನ ಜಾಗದ ಮೇಲೆ ಬಿಚ್ಚಿಕೊಳ್ಳುತ್ತದೆ. ಅದರ ಮುಂದಿನ ತುದಿಗೆ ಮಡಚುವ ಎರಡು ಕಾಲು ಸಾಕು. ನಿಮ್ಮ ಗಾಡಿಯಲ್ಲಿ ಆ ಸೀಟು ಮಡಚುತ್ತದಾ, ಇಲ್ಲ ಬೋಲ್ಟ್ ಬಿಚ್ಚಿ ಇಳಿಸಬೇಕಾ ಅನ್ನುವುದನ್ನು ಮೊದಲೇ ನೋಡಿ, ಹಲಗೆಯ ಎತ್ತರ ಅದರ ಮೇಲೆ ನಿಂತಿದೆ. ಬಿಚ್ಚಬೇಕಾದರೆ ಬೋಲ್ಟುಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಹೆಸರು ಬರೆದಿಡಿ, ಪ್ರವಾಸ ಮುಗಿದ ಕೂಡಲೇ ಸೀಟು ವಾಪಸ್ ಕೂರಿಸಿ. ಗಾಡಿ ಓಡುವಾಗ ಮಂಚದ ಮೇಲೆ ಯಾರೂ ಇರಬಾರದು, ಮಕ್ಕಳಂತೂ ಖಂಡಿತ ಬೇಡ. ಬೆಲ್ಟ್ ಇರುವ ಸೀಟಿನಲ್ಲೇ ಕೂರಬೇಕು.

ಪ್ಲೈವುಡ್ 12 ಮಿಲಿಮೀಟರ್ ಸಾಕು. ಬಡಗಿ 18 ಹಾಕೋಣ ಅನ್ನುತ್ತಾರೆ, ಮನೆ ವಾರ್ಡ್‌ರೋಬ್ ಮಾಡಿದ ಅಭ್ಯಾಸ ಅದು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಶೀಟ್ 12ರದ್ದಾದರೆ ಸುಮಾರು 23 ಕೆಜಿ ತೂಗುತ್ತದೆ, 18ರದ್ದಾದರೆ 35 ಕೆಜಿ. ಎರಡು ಶೀಟಿಗೆ 24 ಕೆಜಿ ವ್ಯತ್ಯಾಸ ಬಂತು. ಅಷ್ಟು ತೂಕವನ್ನು ಘಾಟಿಯಲ್ಲಿ ಸುಮ್ನೆ ಹೊತ್ತು ತಿರುಗಬೇಕು. 12ರ ಹಲಗೆ ಬಾಗದಂತೆ ಕೆಳಗೆ ಅಡಿಗೊಂದು ಮರದ ರೀಪು ಅಡ್ಡ ಕೊಡಿಸಿ. ಮಳೆಗಾಲದಲ್ಲಿ ಮಲೆನಾಡಿಗೆ ಹೋಗುವವರು ನೀರು ತಡೆಯುವ ಬಿಡಬ್ಲ್ಯೂಪಿ ದರ್ಜೆಯ ಪ್ಲೈ ತೆಗೆದುಕೊಳ್ಳಿ. ಸನ್ಮೈಕಾ ಬೇಡ, ತೂಕ ಮತ್ತು ಖರ್ಚು ಎರಡೂ ಏರುತ್ತದೆ. ಅಂಚುಗಳನ್ನು ಎಮರಿ ಪೇಪರಿನಲ್ಲಿ ಚೆನ್ನಾಗಿ ಉಜ್ಜಿ, ಎರಡು ಕೋಟ್ ವಾರ್ನಿಶ್ ಹೊಡೆದರೆ ಮುಗಿಯಿತು.

ಮೇಲಿನ ಹಲಗೆಗೆ ಗೇಣಿಗೊಂದರಂತೆ ಎರಡು ಇಂಚಿನ ತೂತು ಕೊರೆಸಿ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಇಬ್ಬರು ರಾತ್ರಿಯಿಡೀ ಮಲಗಿದಾಗ ಮೈಯ ಬಿಸಿಗೆ ಹಾಸಿಗೆಯ ಕೆಳಗೆ ತೇವ ಕಟ್ಟುತ್ತದೆ. ಗಾಳಿ ಆಡದ ಹಲಗೆಯಾದರೆ ಆಗುಂಬೆ ಕಡೆ ಎರಡು ರಾತ್ರಿ ಕಳೆಯುವಷ್ಟರಲ್ಲಿ ಬೂಷ್ಟಿನ ವಾಸನೆ ಶುರು. ಹಾಸಿಗೆಗೆ ಫೋಮ್‌ಗಿಂತ ಮೂರು ಇಂಚಿನ ತೆಂಗಿನ ನಾರಿನ ಹಾಸಿಗೆ ನನಗೆ ಇಷ್ಟ. ಗಾಳಿ ಆಡುತ್ತದೆ, ಬೆನ್ನಿಗೆ ಗಟ್ಟಿ, ಸೆಖೆಯೂ ಕಡಿಮೆ. ಮಂಚ ಮಡಚುವ ಕಡೆಗೇ ಸರಿಯಾಗಿ ಎರಡು ತುಂಡು ಮಾಡಿ ಹೊಲಿದುಕೊಡಿ ಅಂತ ಹಾಸಿಗೆ ಅಂಗಡಿಯವರಿಗೆ ಹೇಳಿ, ಮಾಡಿಕೊಡುತ್ತಾರೆ.

ಒಳಗಿನ ಅಗಲ ನೋಡಿದರೆ ಇಬ್ಬರು ದೊಡ್ಡವರಿಗೆ ಒತ್ತೊತ್ತಾಗಿ ಸಾಲುತ್ತದೆ. ಮೂರನೆಯವರಿಗೆ ಹೊರಗೆ ಟೆಂಟ್ ಹಾಕಬೇಕು. ತಲೆ ಯಾವ ಕಡೆ ಅಂದರೆ, ಹಿಂಬಾಗಿಲ ಕಡೆ. ಈಕೋದಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ದಿನವಿಡೀ ಓಡಿಸಿ ನಿಲ್ಲಿಸಿದ ಮೇಲೂ ಅಲ್ಲಿಂದ ಝಳ ಬರುತ್ತಲೇ ಇರುತ್ತದೆ. ಆ ಕಡೆ ಕಾಲಿದ್ದರೆ ತೊಂದರೆಯಿಲ್ಲ.

ಇನ್ನು ಮಂಚವನ್ನು ಅಲ್ಲಾಡದಂತೆ ಹಿಡಿಯುವುದು. ಡ್ರಿಲ್ ಇಲ್ಲ ಅಂದೆವಲ್ಲ, ಲಾರಿಯವರು ಸರಕು ಬಿಗಿಯಲು ಬಳಸುವ ರ‍್ಯಾಚೆಟ್ ಬೆಲ್ಟ್ ನಾಲ್ಕು ತನ್ನಿ. ಪೆಟ್ಟಿಗೆಯ ನಾಲ್ಕು ಮೂಲೆಗೂ ಕಬ್ಬಿಣದ ಕೊಂಡಿ ಹಾಕಿಸಿ, ಸೀಟಿನ ಕಬ್ಬಿಣದ ಫ್ರೇಮಿಗೆ ಬಿಗಿಯಿರಿ. ಪ್ಲಾಸ್ಟಿಕ್ ಭಾಗಕ್ಕೆ, ಸೀಟ್ ಬೆಲ್ಟಿನ ಪಟ್ಟಿಗೆ ಕಟ್ಟಬೇಡಿ. ಕಟ್ಟಿದ ಮೇಲೆ ಪೆಟ್ಟಿಗೆಯನ್ನು ಮೈಯ ಬಲವೆಲ್ಲ ಹಾಕಿ ಮುಂದಕ್ಕೆ ತಳ್ಳಿ ನೋಡಿ. ಬೆರಳಿನಷ್ಟು ಸರಿದರೂ ಮತ್ತೆ ಬಿಗಿಯಬೇಕು. ಹೈವೇಯಲ್ಲಿ ದನ ಅಡ್ಡ ಬಂತು ಅಂತ ಬ್ರೇಕ್ ಒತ್ತಿದ ಕ್ಷಣದಲ್ಲಿ ಆ ಇಡೀ ಪೆಟ್ಟಿಗೆ ಡ್ರೈವರ್ ಬೆನ್ನಿನ ಮೇಲೆ ಬರುತ್ತದೆ. ಮರ ಮತ್ತು ಕಬ್ಬಿಣ ತಾಗುವ ಕಡೆಯೆಲ್ಲ ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಪಟ್ಟಿ ಇಡಿ. ಕಿರ್ ಕಿರ್ ಸದ್ದು ಪೂರ್ತಿ ನಿಲ್ಲುತ್ತದೆ, ಬಾಡಿಯ ಪೇಂಟೂ ಉಳಿಯುತ್ತದೆ.

ಗಾಳಿ, ಸೊಳ್ಳೆ, ಬೆಳಕು

ಹೊರದೇಶದವರ ವಿಡಿಯೋಗಳಲ್ಲಿ ಗೋಡೆಗೆಲ್ಲ ದಪ್ಪ ಇನ್ಸುಲೇಶನ್ ತುಂಬುವುದನ್ನು ನೋಡಿರುತ್ತೀರಿ. ಅದು ಹಿಮ ಬೀಳುವ ಊರಿನ ಅಗತ್ಯ. ನಮ್ಮಲ್ಲಿ ಕೊಡಗಿನ ಡಿಸೆಂಬರ್ ಚಳಿಗೆ ಎರಡು ಕಂಬಳಿ ಸಾಕು. ನಮಗೆ ಬೇಕಾದದ್ದು ನೆರಳು ಮತ್ತು ಗಾಳಿ. ಹಾಗಾಗಿ ಇನ್ಸುಲೇಶನ್ ಅನ್ನು ಎರಡೇ ಕಡೆ ಹಾಕಿ. ಒಂದು, ಮುಂದಿನ ಸೀಟಿನ ಹಿಂಭಾಗದ ನೆಲದ ಮೇಲೆ, ಮ್ಯಾಟಿನ ಅಡಿಯಲ್ಲಿ. ಎರಡು, ಕಿಟಕಿ ಗಾಜಿಗೆ. ಒಂದು ಮುಖಕ್ಕೆ ಅಲ್ಯೂಮಿನಿಯಂ ಹಾಳೆ ಇರುವ 10 ಮಿಲಿಮೀಟರ್ ಎಕ್ಸ್‌ಎಲ್‌ಪಿಇ ಫೋಮ್ ಶೀಟ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಪ್ರತಿ ಗಾಜಿಗೂ ಹಳೆ ಪೇಪರಿನಲ್ಲಿ ಅಚ್ಚು ತೆಗೆದು, ಅರ್ಧ ಇಂಚು ದೊಡ್ಡದಾಗಿ ಕತ್ತರಿಸಿದರೆ ಅಂಟು ಇಲ್ಲದೆ ಚೌಕಟ್ಟಿನಲ್ಲಿ ತಾನೇ ಕಚ್ಚಿ ನಿಲ್ಲುತ್ತದೆ. ಬೀದಿ ದೀಪವೂ ಬರಲ್ಲ, ಹೊರಗಿನವರ ಕಣ್ಣೂ ಬೀಳಲ್ಲ. ಹೊರಡುವಾಗ ಎಲ್ಲವನ್ನೂ ತೆಗೆದು ಹಾಸಿಗೆ ಕೆಳಗೆ ಇಡಬೇಕು. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ಸುಪ್ರೀಂ ಕೋರ್ಟ್ 2012ರಲ್ಲೇ ನಿಷೇಧಿಸಿದೆ. ಗಾಜು ಮುಚ್ಚಿಕೊಂಡು ಓಡಿಸುವ ಗಾಡಿಯನ್ನು ಪೊಲೀಸರು ನಿಲ್ಲಿಸಿ ಕೇಳುವುದು ಸಹಜ.

ಮುಂದಿನ ಎರಡು ಬಾಗಿಲಿಗೆ ರೈನ್ ವೈಸರ್, ಅಂದರೆ ಗಾಜಿನ ಮೇಲಂಚಿಗೆ ಮಳೆ ತಡೆಯುವ ಪ್ಲಾಸ್ಟಿಕ್ ಪಟ್ಟಿ, ಹಾಕಿಸಿ. ಅದಿದ್ದರೆ ಜೋರು ಮಳೆಯಲ್ಲೂ ಗಾಜನ್ನು ಒಂದು ಇಂಚು ಇಳಿಸಿ ಮಲಗಬಹುದು. ಎರಡೂ ಕಡೆ ಇಳಿಸಬೇಕು, ಒಂದೇ ಕಡೆ ತೆರೆದರೆ ಗಾಳಿ ಆಡುವುದಿಲ್ಲ. ಸೊಳ್ಳೆಗೆ, ತಲೆದಿಂಬಿನ ಕವರಿನ ಹಾಗೆ ಮೇಲಿನಿಂದ ಬಾಗಿಲಿಗೆ ಎಳೆದು ಹಾಕುವ ಸೊಳ್ಳೆ ಪರದೆಯ ಚೀಲ ಹೊಲಿಸಿ. ಮೇಲೆ, ಬದಿಗೆ ಎಲಾಸ್ಟಿಕ್. ಬಾಗಿಲಿನ ಹೊರಗಿನಿಂದ ಹಾಕಿ ಬಾಗಿಲು ಮುಚ್ಚಿದರೆ ಗಾಜು ಏರಿಸಿ ಇಳಿಸಲು ಅಡ್ಡಿಯಿಲ್ಲ. ಊರಿನ ಟೈಲರ್ ಹತ್ತಿರ ಬಾಗಿಲನ್ನೇ ತೋರಿಸಿ ಅಳತೆ ಕೊಡಿ. ಒಳಗೆ ಒಂದು ಸಣ್ಣ ಯುಎಸ್‌ಬಿ ಫ್ಯಾನ್ ಕಾಲ ಕಡೆಯಿಂದ ತಲೆ ಕಡೆಗೆ ಬೀಸಲಿ.

ಇನ್ನೊಂದು ಮುಖ್ಯ ವಿಷಯ. ಒಳಗಿನಿಂದ ತೆರೆಯಲು ಹಿಂಬಾಗಿಲಿಗೆ ಸಾಮಾನ್ಯವಾಗಿ ಹಿಡಿ ಇರುವುದಿಲ್ಲ. ಆದ್ದರಿಂದ ಒಂದು ಜಾರುವ ಬಾಗಿಲ ಎದುರು ಏನೂ ಇಡಬೇಡಿ. ಮಲಗಿದಲ್ಲಿಂದ ಕತ್ತಲಲ್ಲಿ ಕೈ ಚಾಚಿದರೆ ಆ ಬಾಗಿಲು ತೆರೆಯಬೇಕು, ಚೈಲ್ಡ್ ಲಾಕ್ ಇದ್ದರೆ ಆಫ್ ಆಗಿರಬೇಕು. ಮನೆ ಮುಂದೆ ಮಲಗುವ ರಾತ್ರಿಯೇ ಇದನ್ನು ಕಣ್ಣು ಮುಚ್ಚಿಕೊಂಡು ಮಾಡಿ ನೋಡಿ.

ಕರೆಂಟು: ಎಷ್ಟು ಬೇಕೋ ಅಷ್ಟೇ

ಇಲ್ಲಿ ದುಡ್ಡು ಸುಮ್ನೆ ಹೋಗುತ್ತದೆ. ಅಂಗಡಿಯವರು 100 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ಬ್ಯಾಟರಿ, ಇನ್ವರ್ಟರ್, ಪ್ಯಾನೆಲ್ ಅಂತ ಪಟ್ಟಿ ಕೊಡುತ್ತಾರೆ. ನಿಮ್ಮ ರಾತ್ರಿಗೆ ನಿಜವಾಗಿ ಎಷ್ಟು ಬೇಕು ಅಂತ ಮೊದಲು ಕೂಡಿಸಿ. 5 ವ್ಯಾಟಿನ ಫ್ಯಾನ್ 8 ಗಂಟೆ ಓಡಿದರೆ 40 ವ್ಯಾಟ್-ಅವರ್. 5 ವ್ಯಾಟಿನ ಎಲ್‌ಇಡಿ 4 ಗಂಟೆ ಉರಿದರೆ 20. ಎರಡು ಫೋನ್ ಚಾರ್ಜಿಗೆ 30. ಒಟ್ಟು 90. 12.8 ವೋಲ್ಟಿನ, 20 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ, ಎರಡನ್ನೂ ಗುಣಿಸಿದರೆ, 256 ವ್ಯಾಟ್-ಅವರ್ ಇರುತ್ತದೆ. ಎರಡು ರಾತ್ರಿ ಧಾರಾಳ. ಲ್ಯಾಪ್‌ಟಾಪ್ ಬೇಕೇ ಬೇಕು ಅನ್ನುವವರು 40 ಎಎಚ್ ತೆಗೆದುಕೊಳ್ಳಿ. 230 ವೋಲ್ಟಿನ ಇನ್ವರ್ಟರ್ ಬೇಡ, ಬ್ಯಾಟರಿಯ ಒಂದಷ್ಟನ್ನು ಅದೇ ತಿನ್ನುತ್ತದೆ. 12 ವೋಲ್ಟಿನಲ್ಲೇ ಓಡುವ ಚಾರ್ಜರುಗಳು ಸಿಗುತ್ತವೆ.

ಲೆಡ್ ಆಸಿಡ್ ಬ್ಯಾಟರಿ ಅಗ್ಗ ಅನ್ನಿಸುತ್ತದೆ. ಆದರೆ ಅದನ್ನು ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡುತ್ತಾ ಹೋದರೆ ಬೇಗ ಸಾಯುತ್ತದೆ. ತೂಕವೂ ಹೆಚ್ಚು, ಮಲಗುವ ಜಾಗದಲ್ಲಿ ಆಸಿಡ್ ಇಟ್ಟುಕೊಳ್ಳುವುದೂ ಒಳ್ಳೆಯದಲ್ಲ. ಗಾಡಿಯ ಸ್ವಂತ ಬ್ಯಾಟರಿಯಿಂದ ರಾತ್ರಿಯಿಡೀ ಫ್ಯಾನ್ ಓಡಿಸಬೇಡಿ, ಬೆಳಿಗ್ಗೆ ಸೆಲ್ಫ್ ಹೊಡೆಯದೆ ನಿಲ್ಲುತ್ತದೆ.

ಬ್ಯಾಟರಿಯ ಪಾಸಿಟಿವ್ ತುದಿಯಿಂದ ಗೇಣಿನೊಳಗೆ 10 ಆಂಪಿಯರ್ ಫ್ಯೂಸ್ ಇರಲೇಬೇಕು. ಗಾಡಿಗಳಲ್ಲಿ ಹಾಕುವ ಬ್ಲೇಡ್ ಫ್ಯೂಸ್ ಮತ್ತು ಅದರ ಹೋಲ್ಡರ್ ಎಲ್ಲಾ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ವೈರ್ 2.5 ಚದರ ಮಿಲಿಮೀಟರಿನದು ಹಾಕಿ. ಬ್ಯಾಟರಿ, ಫ್ಯೂಸ್, ಯುಎಸ್‌ಬಿ ಪಾಯಿಂಟು ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಟೂಲ್ ಬಾಕ್ಸಿನಲ್ಲಿ ಕೂರಿಸಿದರೆ ಅದನ್ನು ಎತ್ತಿಕೊಂಡು ಮನೆಯೊಳಗೆ ಹೋಗಿ ಚಾರ್ಜ್ ಮಾಡಬಹುದು, ಕರೆಂಟ್ ಹೋದಾಗ ಮನೆಗೂ ಬೆಳಕು. ಬೆಂಗಳೂರಿನವರಿಗೆ ಇವೆಲ್ಲ ಎಸ್‌ಪಿ ರೋಡಿನಲ್ಲಿ, ಗಾಡಿಯ ವೈಸರ್, ಮ್ಯಾಟ್ ಥರದ್ದು ಜೆಸಿ ರೋಡಿನಲ್ಲಿ ಸಿಗುತ್ತವೆ. ದಾರಿಯಲ್ಲಿ ಚಾರ್ಜ್ ಮಾಡಲು, ಡ್ಯಾಶ್‌ಬೋರ್ಡಿನ 12 ವೋಲ್ಟ್ ಸಾಕೆಟ್ಟಿಗೆ ಹಾಕುವ, ಲಿಥಿಯಂ ಫಾಸ್ಫೇಟಿಗೇ ಅಂತ ಇರುವ 5 ಆಂಪಿಯರಿನ ಡಿಸಿ ಚಾರ್ಜರ್ ಸಾಕು. ಗಾಡಿಯ ವೈರಿಂಗ್ ಕತ್ತರಿಸಿ ಜೋಡಿಸುವುದು ಬೇಡ.

ಸೋಲಾರ್? ಶನಿವಾರ ಹೋಗಿ ಭಾನುವಾರ ಬರುವವರಿಗೆ ಬೇಡ. ಒಂದೇ ಕಡೆ ನಾಲ್ಕೈದು ದಿನ ನಿಲ್ಲುವವರು ಮಾತ್ರ, ಹೊರಗೆ ಬಿಸಿಲಿಗೆ ಇಟ್ಟು ತೆಗೆಯುವ ಸಣ್ಣ ಪ್ಯಾನೆಲ್ ಬಗ್ಗೆ ಯೋಚಿಸಲಿ.

ಒಲೆ ಹೊರಗೆ, ಯಾವಾಗಲೂ ಹೊರಗೆ

ಇದರಲ್ಲಿ ರಾಜಿ ಇಲ್ಲ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತು ಬಿದ್ದಿದ್ದರು. ಜನರೇಟರಿನಿಂದ ಹೊರಟ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಿತ್ತು. ಆ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗುವುದಿಲ್ಲ. ಒಳಗೆ ಒಲೆ ಹಚ್ಚುವುದು, ಚಳಿಗೆ ಕೆಂಡ ಇಟ್ಟುಕೊಳ್ಳುವುದು, ಸೆಖೆಗೆ ಎಂಜಿನ್ ಚಾಲೂ ಇಟ್ಟು ಎಸಿ ಹಾಕಿ ಮಲಗುವುದು, ಮೂರೂ ಬೇಡ. ಬ್ಯಾಟರಿಯಲ್ಲಿ ಓಡುವ ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಒಂದು, ಒಂದು ಕೆಜಿಯ ಬೆಂಕಿ ಆರಿಸುವ ಸಿಲಿಂಡರ್ ಒಂದು ಕೊಳ್ಳಿ. ಎರಡಕ್ಕೂ ಸೇರಿ ಎರಡೂವರೆ ಸಾವಿರದ ಆಸುಪಾಸು ಆಗಬಹುದು. ಹಾಸಿಗೆಯನ್ನು ಕಡಿಮೆ ಬೆಲೆಯದ್ದು ತಂದರೂ ಪರವಾಗಿಲ್ಲ, ಇವೆರಡನ್ನು ಬಿಡಬೇಡಿ.

ಅಡುಗೆಗೆ ಹಿಂಬಾಗಿಲು ಎತ್ತಿದರೆ ತಲೆ ಮೇಲೆ ಸೂರು ಸಿಗುತ್ತದೆ. ಅದರ ತುದಿಯಿಂದ ಒಂದು ಟಾರ್ಪಾಲು ಎಳೆದು ಕಟ್ಟಿ, ಅದರಡಿ ಮಡಚುವ ಮೇಜು ಹಾಕಿಕೊಳ್ಳಿ. ಒಲೆ ಗಾಡಿಯಿಂದ ಎರಡು ಮಾರು ದೂರವೇ ಇರಲಿ. ಮನೆಯ 14.2 ಕೆಜಿ ಸಿಲಿಂಡರ್ ಹೇರಿಕೊಂಡು ಹೋಗಬೇಡಿ. ಒಂದೆರಡು ದಿನಕ್ಕೆ ಬ್ಯೂಟೇನ್ ಡಬ್ಬಿಯ ಸಣ್ಣ ಒಲೆ ಸಾಕು. ಅದರ ಮೇಲೆ ಅಗಲವಾದ ದೋಸೆ ಕಾವಲಿ ಇಡಬಾರದು, ಕಾವಲಿಯ ಬಿಸಿ ಪಕ್ಕದ ಡಬ್ಬಿಗೆ ತಿರುಗಿ ಡಬ್ಬಿಯೇ ಕಾಯುತ್ತದೆ. ಬಿಸಿಲಲ್ಲಿ ನಿಂತ ಗಾಡಿಯೊಳಗೆ ಡಬ್ಬಿಗಳನ್ನು ಬಿಡಬೇಡಿ. ಹೆಚ್ಚು ದಿನದ ಪ್ರವಾಸಕ್ಕೆ 5 ಕೆಜಿಯ ಸಿಲಿಂಡರ್ ಗ್ಯಾಸ್ ಏಜೆನ್ಸಿಗಳಲ್ಲಿ, ಕೆಲವು ಪೆಟ್ರೋಲ್ ಬಂಕುಗಳಲ್ಲಿ ಸಿಗುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಮಡುಗಟ್ಟುತ್ತದೆ. ರಾತ್ರಿ ಸಿಲಿಂಡರ್ ಮಂಚದ ಕೆಳಗಿರಬಾರದು.

ಹುರಿದ ರವೆ, ಅವಲಕ್ಕಿ, ಚಟ್ನಿಪುಡಿ, ತುಪ್ಪ, ಕಾಫಿಪುಡಿ ಇದ್ದರೆ ಒಂದೇ ಪಾತ್ರೆಯಲ್ಲಿ ದಿನ ಕಳೆಯುತ್ತದೆ. ನೀರಿಗೆ 20 ಲೀಟರಿನ ಕ್ಯಾನ್, ಅದರ ಬಾಯಿಗೆ ಚಾರ್ಜ್ ಮಾಡುವ ಸಣ್ಣ ಪಂಪ್. ಸಿಂಕಿನ ಕೆಲಸವನ್ನೆಲ್ಲ ಈ 400 ರೂಪಾಯಿಯ ಪಂಪು ಮತ್ತು ಒಂದು ಬೇಸಿನ್ನು ಮಾಡುತ್ತವೆ. ಕ್ಯಾನ್ ಭಾರ ಇರುವುದರಿಂದ ಅದರ ಜಾಗ ಕೆಳಗೆ, ಹಿಂದಿನ ಚಕ್ರಗಳ ನಡುವೆ.

ಖರ್ಚಿನ ಅಂದಾಜು

ಊರಿಂದ ಊರಿಗೆ ಬೆಲೆ ಬದಲಾಗುತ್ತದೆ, ಇದು ಒಂದು ಅಂದಾಜು ಮಾತ್ರ. ಪ್ಲೈವುಡ್ ಎರಡು ಶೀಟಿಗೆ 6,000. ರೀಪು, ಕೀಲು, ಕೊಂಡಿ, ಬೆಲ್ಟು, ವಾರ್ನಿಶ್ ಸೇರಿ 3,500. ಬಡಗಿಗೆ ಎರಡು ದಿನದ ಕೂಲಿ 3,000. ಹಾಸಿಗೆ 4,000. ಪರದೆ ಚೀಲ, ಟೈಲರ್ ಕೂಲಿ, ಕಿಟಕಿಯ ಫೋಮ್, ವೈಸರ್ ಎಲ್ಲಾ 3,500. ಬ್ಯಾಟರಿಗೆ 5,500, ಅದರ ಚಾರ್ಜರು, ವೈರು, ಫ್ಯೂಸು, ದೀಪ, ಫ್ಯಾನಿಗೆ 3,000. ಒಲೆ, ಕ್ಯಾನ್, ಪಂಪು, ಟಾರ್ಪಾಲಿಗೆ 3,500. ಅಲಾರ್ಮ್ ಮತ್ತು ಬೆಂಕಿ ಸಿಲಿಂಡರಿಗೆ 2,500. ಒಟ್ಟು 34,500.

ಅಷ್ಟೂ ಒಟ್ಟಿಗೆ ಇಲ್ಲದಿದ್ದರೆ ಮೊದಲ ತಿಂಗಳು ಮಂಚ, ಪರದೆ, ಅಲಾರ್ಮ್ ಮಾಡಿಸಿ. ಬ್ಯಾಟರಿ ಬದಲು ಮನೆಯ ಪವರ್ ಬ್ಯಾಂಕ್, ಒಲೆಯ ಬದಲು ದಾರಿಯ ಹೋಟೆಲು. ಎರಡು ಮೂರು ಬಾರಿ ಹೋಗಿ ಬಂದ ಮೇಲೆ ಮುಂದೆ ಏನು ಬೇಕು ಅಂತ ನಿಮಗೇ ಗೊತ್ತಾಗುತ್ತದೆ.

ಎಲ್ಲಿ ನಿಲ್ಲಿಸುವುದು

ಶೌಚಾಲಯ ಇರುವ, ರಾತ್ರಿ ತೆರೆದಿರುವ ಪೆಟ್ರೋಲ್ ಬಂಕ್ ಒಳ್ಳೆಯ ಜಾಗ. ಪೆಟ್ರೋಲ್ ಹಾಕಿಸಿ, ಮ್ಯಾನೇಜರನ್ನು ಕೇಳಿ, ಪಂಪಿನಿಂದ ದೂರ ನಿಲ್ಲಿಸಿ. ಅಲ್ಲಿ ಒಲೆ ಹಚ್ಚುವ ಮಾತೇ ಇಲ್ಲ. ಧರ್ಮಸ್ಥಳ, ಕುಕ್ಕೆಯಂಥ ಊರುಗಳ ಪಾರ್ಕಿಂಗ್ ಜಾಗಗಳಲ್ಲಿ ಜನಸಂಚಾರ ಇರುತ್ತದೆ, ಶೌಚಾಲಯವೂ ಹತ್ತಿರ ಸಿಗುತ್ತದೆ. ಇನ್ನೊಂದು ದಾರಿ, ಹೋಂಸ್ಟೇಗೆ ಫೋನ್ ಮಾಡಿ "ರೂಮ್ ಬೇಡ ಸರ್, ಅಂಗಳದಲ್ಲಿ ಗಾಡಿ ನಿಲ್ಲಿಸಿ ಮಲಗ್ತೀವಿ, ಬಾತ್‌ರೂಮ್ ಬಳಸ್ಕೊಳ್ತೀವಿ, ಊಟ ನಿಮ್ಮಲ್ಲೇ" ಅಂತ ಕೇಳಿ. ಊಟದ ದುಡ್ಡು ಸಿಗುತ್ತದೆ ಅಂತ ಎಷ್ಟೋ ಕಡೆ ಒಪ್ಪುತ್ತಾರೆ.

ಹೈವೇ ಬದಿಯಲ್ಲಿ, ಘಾಟಿಯ ತಿರುವಿನಲ್ಲಿ, ಮಳೆಗಾಲದಲ್ಲಿ ಗುಡ್ಡದ ಬುಡದಲ್ಲಿ ಮಲಗಬೇಡಿ. ಮರವಂತೆಯಲ್ಲಿ ಸಮುದ್ರ ಎಷ್ಟು ಹತ್ತಿರ ಕಂಡರೂ ಅದು ಲಾರಿಗಳು ಓಡುವ ರಾಷ್ಟ್ರೀಯ ಹೆದ್ದಾರಿ 66. ನೋಡಿ ಖುಷಿಪಟ್ಟು, ಮಲಗಲು ಒಳಗಿನ ಊರಿಗೆ ಹೋಗಿ. ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ರಾತ್ರಿ ನಿಲ್ಲುವುದು ಅಪರಾಧ. ಬಂಡೀಪುರದ ಮೂಲಕ ವಯನಾಡಿಗೆ ಹೋಗುವ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ಗಾಡಿಗಳನ್ನು ಬಿಡುವುದಿಲ್ಲ. ತಡವಾದರೆ ಗುಂಡ್ಲುಪೇಟೆಯಲ್ಲೇ ಉಳಿದುಬಿಡಿ. ಕತ್ತಲಾಗುವ ಮುಂಚೆ ಜಾಗ ಹುಡುಕಿ, ಗಾಡಿಯ ಮೂತಿ ರಸ್ತೆ ಕಡೆಗೆ ಮಾಡಿ ನಿಲ್ಲಿಸಿ, ಬೀಗದ ಕೈ ಪ್ರತಿ ರಾತ್ರಿ ಒಂದೇ ಜಾಗದಲ್ಲಿಡಿ. ಏನಾದರೂ ಸರಿ ಅನ್ನಿಸದಿದ್ದರೆ ಯೋಚಿಸುತ್ತಾ ಕೂರದೆ ಹೊರಟುಬಿಡಬೇಕು. ಆ ಹೊತ್ತಿಗೆ ಡ್ರೈವರ್ ಸೀಟಿನ ಮೇಲೆ ಬ್ಯಾಗು, ಬಟ್ಟೆ ರಾಶಿ ಇರಬಾರದು.

ಮೊದಲ ಪ್ರವಾಸ 100 ಕಿಲೋಮೀಟರ್ ಒಳಗಿನದಿರಲಿ. ಅರ್ಧ ದಾರಿಯಲ್ಲಿ ಒಮ್ಮೆ ನಿಲ್ಲಿಸಿ ಬೆಲ್ಟು, ಸ್ಕ್ರೂಗಳನ್ನು ಮತ್ತೆ ಬಿಗಿಯಿರಿ. ಹೊಸ ಮರ ಮೊದಲ ಕುಲುಕಾಟಕ್ಕೆ ಸಡಿಲ ಆಗುತ್ತದೆ. ಹಿಂದೆ ತೂಕ ಹೆಚ್ಚಿರುವುದರಿಂದ ಟೈರಿನ ಗಾಳಿಯನ್ನು ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ ಫುಲ್ ಲೋಡಿಗೆ ಬರೆದಷ್ಟು ಹಾಕಿಸಿ. ಮನೆಗೆ ಬಂದ ಮೇಲೆ ಹಾಸಿಗೆಯನ್ನು ಬಿಸಿಲಿಗೆ ಒಣಗಿಸಿ, ಪೆಟ್ಟಿಗೆಯನ್ನು ನೆಲಕ್ಕೆ ತಾಗದಂತೆ ಎರಡು ಇಟ್ಟಿಗೆ ಮೇಲಿಡಿ, ಸೀಟು ಕೂರಿಸಿ ಎಲ್ಲಾ ಬೋಲ್ಟ್ ಬಿಗಿಯಾಗಿದೆಯಾ ನೋಡಿ.